ಮೈಗೆ ಒಪ್ಪುವ ಕೋವಿ: ಹಿಡಿಮರವನ್ನು ಬಾಗಿಸುವ ಕಸುಬಿನ ಚರಿತ್ರೆ

ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನಾವೆಲ್ಲರೂ ಎಳೆತನದಿಂದ ಕೇಳುತ್ತ ಬಂದಿದ್ದೇವೆ. ಮಕ್ಕಳಿಗೆ ಬುದ್ಧಿ ಹೇಳುವ ಸಂದರ್ಭದಲ್ಲಿ ಈ ಮಾತು ಸತ್ಯವಾಗಿರಬಹುದು. ಆದರೆ ಮರದ ವಿಷಯದಲ್ಲಿ ಇದು ಪೂರ್ಣ ಸತ್ಯವಲ್ಲ. ಕಡಿದು, ಹಲವು ವರ್ಷ ಒಣಗಿಸಿ, ಕೆತ್ತಿ, ಎಣ್ಣೆ ತಿಕ್ಕಿ, ಒಂದೆರಡು ತಲೆಮಾರುಗಳವರೆಗೆ ಬಳಸಿದ ಮರವನ್ನೂ ಹದವರಿತು ಬಗ್ಗಿಸುವ ಕಸುಬೊಂದು ಲೋಕದಲ್ಲಿ ಉಂಟು. ಅದೇ ಬೇಟೆಯ ಕೋವಿಯ ಹಿಡಿಮರವನ್ನು ಹಿಡಿದವನ ಮೈಯಳತೆಗೆ ಒಪ್ಪುವಂತೆ ಬಾಗಿಸುವ ಕಸುಬು. ಇದು ವಿಶೇಷವಾಗಿ ಬೆಳೆದು ಬಂದುದು ಇಂಗ್ಲೆಂಡಿನ ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ನಗರಗಳಲ್ಲಿ. ಇದರ ಚರಿತ್ರೆಯನ್ನು ಸಂಗ್ರಹವಾಗಿ ಶ್ರೋತೃಗಳ ಮುಂದಿಡುವುದು ಈ ಭಾಷಣದ ಉದ್ದೇಶ. ವಿಷಯವು ಚಿಕ್ಕದು, ಆದರೆ ಮನುಷ್ಯನು ಉಪಕರಣಕ್ಕೆ ಹೊಂದಿಕೊಳ್ಳಬೇಕೆ, ಉಪಕರಣವು ಮನುಷ್ಯನಿಗೆ ಹೊಂದಿಕೊಳ್ಳಬೇಕೆ ಎಂಬ ದೊಡ್ಡ ಪ್ರಶ್ನೆಯೊಂದು ಅದರೊಳಗೆ ಅಡಗಿದೆ.

ಮೊದಲು ಹಿಡಿಮರವೆಂದರೆ ಏನೆಂಬುದನ್ನು ಸ್ಪಷ್ಟಪಡಿಸಬೇಕು. ಕೋವಿಯ ಕಬ್ಬಿಣದ ನಳಿಗೆಗೆ ಹಿಂದೆ ಜೋಡಿಸಿರುವ, ಒಂದು ತುದಿಯನ್ನು ಭುಜಕ್ಕೆ ಆನಿಸಿ ಮೇಲಿನ ಏಣನ್ನು ಕೆನ್ನೆಗೆ ತಾಗಿಸಿಕೊಳ್ಳುವ ಮರದ ಭಾಗವನ್ನೇ ಇಲ್ಲಿ ಹಿಡಿಮರವೆಂದು ಕರೆದಿದೆ. ಕೈಯಿಂದ ಹಿಡಿಯುವೆಡೆಯಲ್ಲಿ ಅದು ಸಣ್ಣದಾಗಿರುತ್ತದೆ. ಅದನ್ನು ಕತ್ತು ಎನ್ನೋಣ. ಕೋವಿಗಳಲ್ಲಿಯೂ ಎರಡು ಜಾತಿಗಳುಂಟು. ಒಂಟಿ ಗುಂಡನ್ನು ಹಾರಿಸುವ ರೈಫಲ್ಲಿನಲ್ಲಿ ನಳಿಗೆಯ ಮೇಲೆ ಹಿಂದೊಂದು ಮುಂದೊಂದು ಗುರಿಯ ಗುರುತುಗಳಿರುತ್ತವೆ. ಬೇಟೆಗಾರನು ನಿಧಾನವಾಗಿ ಅವೆರಡನ್ನೂ ಗುರಿಯೊಡನೆ ಕೂಡಿಸಿ ನೋಡುತ್ತಾನೆ. ಚಿಕ್ಕ ಚಿಕ್ಕ ಚರೆಗಳನ್ನು ಚೆಲ್ಲುವ ಕೋವಿಯಲ್ಲಾದರೋ ಮುಂದೆ ಒಂದು ಮಣಿಯಿರುವುದೇ ಹೊರತು ಹಿಂದೆ ಏನೂ ಇರುವುದಿಲ್ಲ. ಹಾರುವ ಹಕ್ಕಿಯನ್ನು ಹೊಡೆಯುವವನಿಗೆ ನಿಧಾನಿಸಲು ಕಾಲವೂ ಇಲ್ಲ. ಆದಕಾರಣ ಇಂತಹ ಕೋವಿಯಲ್ಲಿ ಹಿಂದಿನ ಗುರುತಿನ ಕೆಲಸವನ್ನು ಮನುಷ್ಯನ ಕಣ್ಣೇ ಮಾಡಬೇಕು. ಕಣ್ಣು ಎಲ್ಲಿ ನಿಲ್ಲಬೇಕೆಂಬುದನ್ನು ಗೊತ್ತುಮಾಡುವುದು ಕೆನ್ನೆ. ಕೆನ್ನೆ ಎಲ್ಲಿ ನಿಲ್ಲಬೇಕೆಂಬುದನ್ನು ಗೊತ್ತುಮಾಡುವುದು ಹಿಡಿಮರ.

ಇದರ ಲೆಕ್ಕವು ಬಹಳ ಸುಲಭ. ಕಣ್ಣಿಗೂ ನಳಿಗೆಯ ಬಾಯಿಗೂ ಇರುವ ದೂರ ಸುಮಾರು ಒಂದು ಗಜ. ಹದಿನಾರನೆಯ ಒಂದು ಪಾಲಿಗೆ ನಮ್ಮ ಹಿರಿಯರು ವೀಸವೆಂದು ಹೆಸರಿಟ್ಟಿದ್ದರಷ್ಟೆ. ಕಣ್ಣು ತನ್ನ ಸರಿಯಾದ ಸ್ಥಾನದಿಂದ ಅಂಗುಲದ ಒಂದು ವೀಸದಷ್ಟು ಆಚೀಚೆ ಸರಿದರೆ, ೧೬ ಗಜ ದೂರದಲ್ಲಿ ಈಡು ಒಂದು ಅಂಗುಲದಷ್ಟು ತಪ್ಪುತ್ತದೆ. ೪೦ ಗಜದಲ್ಲಿ ಎರಡೂವರೆ ಅಂಗುಲ ತಪ್ಪುತ್ತದೆ. ಕಾಲು ಅಂಗುಲದ ತಪ್ಪು ೪೦ ಗಜದಲ್ಲಿ ಹತ್ತು ಅಂಗುಲವಾಗುತ್ತದೆ. ಆ ದೂರದಲ್ಲಿ ಚರೆಯ ಹರವನ್ನು ೩೦ ಅಂಗುಲ ಅಡ್ಡಳತೆಯ ವೃತ್ತದಲ್ಲಿ ಎಣಿಸುವುದು ವಾಡಿಕೆ. ನಡುವಿನಿಂದ ಅಂಚಿಗೆ ೧೫ ಅಂಗುಲ ಮಾತ್ರ. ಹತ್ತು ಅಂಗುಲ ತಪ್ಪಿದರೆ ಹಕ್ಕಿಯು ಚರೆ ವಿರಳವಾದ ಅಂಚಿಗೆ ಸಿಕ್ಕಿ, ಸಾಯದೆ ಗಾಯಗೊಂಡು ಹೋಗುವುದೇ ಹೆಚ್ಚು. ಕಣ್ಣು ಮೇಲಾದರೆ ಈಡು ಮೇಲೆ ಹೋಗುತ್ತದೆ, ಕೆಳಗಾದರೆ ಕೆಳಗೆ. ಎಡಕ್ಕೆ ಸರಿದರೆ ಎಡಕ್ಕೆ. ಹೊಡೆಯುವವನು ಎಷ್ಟೇ ಕುಶಲನಾದರೂ ಒಪ್ಪದ ಹಿಡಿಮರವು ಅವನನ್ನು ಪ್ರತಿ ಸಲವೂ ಒಂದೇ ರೀತಿಯಲ್ಲಿ ವಂಚಿಸುತ್ತದೆ.

ಈ ಸತ್ಯವು ಮನುಷ್ಯರಿಗೆ ಹೊಳೆಯಲು ಶತಮಾನಗಳು ಹಿಡಿದುವು. ಯೂರೋಪಿನ ಮೊದಮೊದಲಿನ ಕೈಕೋವಿಗಳ ಹಿಡಿಮರಗಳು ದೇಶಕ್ಕೊಂದು ಬಗೆಯಾಗಿದ್ದುವು. ಕೆಲವನ್ನು ಭುಜಕ್ಕೆ ಆನಿಸದೆ ಕೆನ್ನೆಯ ಹತ್ತಿರವೇ ಹಿಡಿಯುತ್ತಿದ್ದರು. ೧೬ನೆಯ ಶತಮಾನದಲ್ಲಿ ಪೆಟ್ರೊನೆಲ್ ಎಂಬ ಕೋವಿಯ ಹಿಡಿಯನ್ನು ಬಲವಾಗಿ ಕೊಂಕಿಸಿ ಎದೆಗೆ ಆನಿಸುವಂತೆ ಮಾಡಿದ್ದರು. ಭಾರತದ ಬತ್ತಿಕೋವಿಗಳಲ್ಲಿ ಹಿಡಿಮರವು ಸಾಮಾನ್ಯವಾಗಿ ಸಣ್ಣದಾಗಿ ನೇರವಾಗಿರುತ್ತಿತ್ತು. ಉರಿಯುವ ಬತ್ತಿಯಿಂದ ಮದ್ದಿಗೆ ಕಿಡಿ ಮುಟ್ಟಿಸಿ, ನಿಂತ ಗುರಿಯನ್ನು ತಾಳ್ಮೆಯಿಂದ ಹೊಡೆಯುವವನಿಗೆ ಅದು ಸಾಕಾಗಿತ್ತು. ಶ್ರೀರಂಗಪಟ್ಟಣದಲ್ಲಿ ಟೀಪು ಸುಲ್ತಾನನ ಕಾರ್ಖಾನೆಗಳಲ್ಲಿ ಸಿದ್ಧವಾದ ಚಕಮಕಿ ಕೋವಿಗಳು ಈಗಲೂ ದೇಶವಿದೇಶಗಳ ಸಂಗ್ರಹಾಲಯಗಳಲ್ಲಿವೆ. ಅವುಗಳ ಯಂತ್ರಭಾಗವೂ ಹಿಡಿಮರವೂ ಯೂರೋಪಿನ ಮಾದರಿಯನ್ನು ಅನುಸರಿಸಿದ್ದು, ಅಲಂಕಾರದಲ್ಲಿ ಮಾತ್ರ ಹುಲಿಯ ಲಾಂಛನವು ಮೆರೆಯುತ್ತದೆ. ಕನ್ನಡ ನಾಡಿನ ನೆಲದಲ್ಲಿಯೇ ಎರಡು ಬಗೆಯ ಹಿಡಿಮರಗಳು ಹೀಗೆ ಸಂಧಿಸಿದ್ದುವು.

ಸೈನ್ಯಗಳಲ್ಲಿ ಮೈಯಳತೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ೧೭೨೨ರಿಂದ ೧೮೩೦ರ ದಶಕದವರೆಗೆ ಇಂಗ್ಲಿಷರ ಕಾಲಾಳುಗಳು ಹಿಡಿದ, ಬ್ರೌನ್ ಬೆಸ್ ಎಂಬ ಅಡ್ಡಹೆಸರಿನ ಕೋವಿಯು ಎತ್ತರದವನಿಗೂ ಗಿಡ್ಡನಿಗೂ ಒಂದೇ ಆಗಿತ್ತು. ಸಾಲಾಗಿ ನಿಂತು ಒಂದೇ ಆಜ್ಞೆಗೆ ಎಲ್ಲರೂ ಈಡು ಹಾರಿಸುವಾಗ ಒಬ್ಬೊಬ್ಬನ ಗುರಿಯು ಅಷ್ಟಾಗಿ ಮುಖ್ಯವಲ್ಲ. ಸೈನಿಕನೇ ಕೋವಿಗೆ ಹೊಂದಿಕೊಳ್ಳತಕ್ಕದ್ದು. ಶ್ರೀಮಂತರ ಬೇಟೆಯ ಕೋವಿಗಳ ಮಾತು ಬೇರೆ. ಹಾರುವ ಹಕ್ಕಿಯನ್ನು ಹೊಡೆಯುವ ವಿನೋದವು ೧೮ನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹರಡಿದಾಗ, ನನ್ನ ಕೋವಿ ಕೆಳಗೆ ಹೊಡೆಯುತ್ತದೆ, ನನ್ನದು ಎಡಕ್ಕೆ ಹೊಡೆಯುತ್ತದೆ ಎಂಬ ದೂರುಗಳು ಹುಟ್ಟಿಕೊಂಡುವು.

ಲಂಡನ್ನಿನ ಜೋಸೆಫ್ ಮಾಂಟನ್ (೧೭೬೬–೧೮೩೫) ಎಂಬ ಪ್ರಸಿದ್ಧ ಶಿಲ್ಪಿಯು ಈ ದೂರಿಗೆ ಒಂದು ಪರಿಹಾರವನ್ನು ಹುಡುಕಿದನು. ಜೋಡಿ ನಳಿಗೆಗಳ ನಡುವಣ ಪಟ್ಟಿಯನ್ನು ಹಿಂದುಗಡೆ ಎತ್ತರಿಸಿದರೆ ಈಡು ತಾನಾಗಿ ಸ್ವಲ್ಪ ಮೇಲಕ್ಕೆ ಹೋಗುತ್ತದೆಂದು ಕಂಡು, ೧೮೦೬ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಇದು ಬುದ್ಧಿವಂತಿಕೆಯ ಉಪಾಯವೇ ಸರಿ; ಆದರೆ ಕಬ್ಬಿಣವನ್ನು ತಿದ್ದುವ ಉಪಾಯ. ಕೊಳ್ಳುವವರೆಲ್ಲರ ಕತ್ತೂ ಕೆನ್ನೆಯೂ ಒಂದೇ ಅಳತೆಯವಾಗಿದ್ದರೆ ಇಷ್ಟೇ ಸಾಕಾಗುತ್ತಿತ್ತು. ಮಾಂಟನ್ನನ ಕೈಕೆಳಗೆ ಪಳಗಿದ ಜೇಮ್ಸ್ ಪರ್ಡಿ ೧೮೧೪ರಲ್ಲಿ ಸ್ವಂತ ಅಂಗಡಿಯನ್ನಿಟ್ಟನು. ಒಬ್ಬೊಬ್ಬ ಗಿರಾಕಿಯ ಅಳತೆ ತೆಗೆದುಕೊಂಡು, ದರ್ಜಿಯು ಅಂಗಿ ಹೊಲಿಯುವಂತೆ, ಕೋವಿಯನ್ನು ಅವನಿಗಾಗಿಯೇ ಮಾಡಿಕೊಡುವ ಪದ್ಧತಿಯು ಇಂತಹ ಅಂಗಡಿಗಳಲ್ಲಿ ನೆಲೆಯೂರಿತು.

೧೯ನೆಯ ಶತಮಾನದ ಮಧ್ಯಭಾಗದಲ್ಲಿ ಇನ್ನೊಂದು ಬದಲಾವಣೆಯಾಯಿತು. ಬಾಯಿಂದ ಮದ್ದು ಗಿಡಿಯುವುದು ತಪ್ಪಿ, ಹಿಂದಿನಿಂದ ತೋಟಾ ಹಾಕುವ ಕೋವಿಗಳು ಫ್ರಾನ್ಸಿನಿಂದ ಬಂದುವು. ೧೮೫೧ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅವನ್ನು ಕಂಡು ಇಂಗ್ಲೆಂಡಿನವರೂ ಅನುಸರಿಸಿದರು. ಬೇಗ ಬೇಗ ತೋಟಾ ತುಂಬುವುದು ಸಾಧ್ಯವಾದುದರಿಂದ ಬೇಟೆಯ ರೀತಿಯೂ ಮಾರ್ಪಟ್ಟಿತು. ಆಳುಗಳು ಪೊದೆಗಳನ್ನು ಬಡಿದು ಹಕ್ಕಿಗಳನ್ನು ಎಬ್ಬಿಸುವರು. ಅವು ಸಾಲಾಗಿ ನಿಂತ ಬೇಟೆಗಾರರ ತಲೆಯ ಮೇಲೆ ವೇಗವಾಗಿ ಹಾರಿಹೋಗುವುವು. ಪಂಜಾಬಿನ ರಾಜ್ಯವನ್ನು ಕಳೆದುಕೊಂಡು ಇಂಗ್ಲೆಂಡಿನ ಎಲ್ವೆಡನ್ನಿನಲ್ಲಿ ನೆಲೆಸಿದ್ದ ಮಹಾರಾಜ ದುಲೀಪ್ ಸಿಂಗನು (೧೮೩೮–೧೮೯೩) ಈ ವಿದ್ಯೆಯಲ್ಲಿ ಅಗ್ರಗಣ್ಯನಾಗಿದ್ದನು. ನಮ್ಮ ದೇಶಕ್ಕೆ ೧೮೮೦ರಿಂದ ೧೮೮೪ರವರೆಗೆ ವೈಸರಾಯನಾಗಿದ್ದ ರಿಪ್ಪನ್ ಪ್ರಭುವಿನ ಮಗನು (೧೮೫೨–೧೯೨೩) ಅವನಿಗಿಂತಲೂ ಹೆಸರಾದನು. ಆತನು ಕಡೆಗೆ ಪ್ರಾಣಬಿಟ್ಟದ್ದೂ ಬೇಟೆಯ ಬಯಲಿನಲ್ಲಿಯೇ. ಇಂತಹವರು ಮೂರು ಕೋವಿಗಳನ್ನಿಟ್ಟುಕೊಂಡು, ಒಂದನ್ನು ಹೊಡೆಯುವಷ್ಟರಲ್ಲಿ ಮಿಕ್ಕವನ್ನು ಆಳುಗಳಿಂದ ತುಂಬಿಸುತ್ತಿದ್ದರು. ಮೂರು ಕೋವಿಗಳ ಹಿಡಿಮರವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಬಾಗಿನಲ್ಲಿರಬೇಕು. ಗುರಿ ನೋಡಲು ಒಂದು ನಿಮಿಷವಿದ್ದಾಗ ಮನುಷ್ಯನು ಕೋವಿಗೆ ಹೊಂದಿಕೊಳ್ಳಬಹುದು. ಒಂದು ಕ್ಷಣವಿದ್ದಾಗ ಕೋವಿಯೇ ಅವನಿಗೆ ಹೊಂದಿಕೊಂಡಿರಬೇಕು. ಬರ್ಮಿಂಗ್‌ಹ್ಯಾಮಿನ ಡಬ್ಲ್ಯು. ಡಬ್ಲ್ಯು. ಗ್ರೀನರನು ೧೮೮೧ರಲ್ಲಿ ಪ್ರಕಟಿಸಿದ ಕೋವಿಯ ಚರಿತ್ರೆಯ ದೊಡ್ಡ ಗ್ರಂಥವು ೧೯೧೦ರ ವೇಳೆಗೆ ಒಂಬತ್ತನೆಯ ಮುದ್ರಣವನ್ನು ಕಂಡಿತೆಂಬುದರಿಂದ, ಆ ಕಾಲದ ಓದುಗರಿಗೆ ಇಂತಹ ವಿಷಯಗಳಲ್ಲಿದ್ದ ಆಸಕ್ತಿಯನ್ನು ಊಹಿಸಬಹುದು.

ಅಳತೆ ತೆಗೆಯುವ ಕ್ರಮವೂ ಆಗ ಶಾಸ್ತ್ರವಾಯಿತು. ಆ ಶತಮಾನದ ಕೊನೆಯ ಭಾಗದಲ್ಲಿ, ಹಿಡಿಮರಕ್ಕೆ ಕೀಲುಗಳನ್ನೂ ತಿರುಪುಗಳನ್ನೂ ಅಳವಡಿಸಿ, ಉದ್ದವನ್ನೂ ಇಳಿತವನ್ನೂ ಪಕ್ಕದ ವಾಲನ್ನೂ ಬೇಕಾದಂತೆ ಬದಲಾಯಿಸಬಲ್ಲ ಅಳತೆಗೋವಿಯೊಂದು ಬಳಕೆಗೆ ಬಂತು. ಲಂಡನ್ನಿನ ದೊಡ್ಡ ಅಂಗಡಿಗಳವರು ಊರ ಹೊರಗೆ ಅಭ್ಯಾಸದ ಮೈದಾನಗಳನ್ನು ಮಾಡಿದರು. ಅಲ್ಲಿ ಸುಣ್ಣ ಬಳಿದ ಕಬ್ಬಿಣದ ಹಲಗೆಯೊಂದನ್ನು ನಿಲ್ಲಿಸಿ, ೧೬ ಗಜ ದೂರದಿಂದ, ಗುರಿ ನೋಡದೆ, ಕೋವಿಯೆತ್ತಿದೊಡನೆಯೇ ಹೊಡೆಯಬೇಕೆಂದು ಗಿರಾಕಿಗೆ ಹೇಳುವರು. ಹಲವು ಈಡುಗಳ ನಡುವು ಗುರಿಯಿಂದ ಎಷ್ಟು ಅಂಗುಲ ತಪ್ಪಿತೋ ಅಷ್ಟು ವೀಸಗಳನ್ನು ಹಿಡಿಮರದಲ್ಲಿ ತಿದ್ದಬೇಕು. ಹದಿನಾರು ಗಜವೆಂಬ ದೂರವನ್ನು ಆರಿಸಿಕೊಂಡುದರ ಮರ್ಮವು ಮೇಲೆ ಹೇಳಿದ ಲೆಕ್ಕದಿಂದ ಶ್ರೋತೃಗಳಿಗೆ ಈಗಾಗಲೇ ಹೊಳೆದಿರಬಹುದು. ಸಾಮಾನ್ಯ ಮೈಕಟ್ಟಿನವನಿಗೆ ಟ್ರಿಗರಿನಿಂದ ಹಿಂತುದಿಯವರೆಗೆ ಸುಮಾರು ೧೪½ ಅಂಗುಲ ಉದ್ದ, ನಳಿಗೆಯ ನೇರದಿಂದ ಕೆನ್ನೆಯ ಏಣಿನ ಮುಂತುದಿಗೆ ಸುಮಾರು ೧½ ಅಂಗುಲ ಇಳಿತ, ಭುಜದ ಬಳಿ ಸುಮಾರು ೨ ಅಂಗುಲ ಇಳಿತ. ಬಲಗೈಯವನಾದರೆ ಬಲಕ್ಕೆ ಸುಮಾರು ಕಾಲು ಅಂಗುಲ ವಾಲು. ಕತ್ತು ನೀಳವಾದವನಿಗೆ ಇಳಿತ ಹೆಚ್ಚಬೇಕು. ಮುಖವೂ ಎದೆಯೂ ಅಗಲವಾದವನಿಗೆ ವಾಲು ಹೆಚ್ಚಬೇಕು.

ಹೊಸ ಕೋವಿಯನ್ನು ಮಾಡುವಾಗ ಈ ಅಳತೆಗಳಂತೆ ಮರವನ್ನು ಕೆತ್ತಬಹುದು. ಆದರೆ ತಂದೆಯ ಕೋವಿ ಮಗನಿಗೆ ಬಂದರೆ? ಯೌವನದಲ್ಲಿ ಕೊಂಡವನು ಮುಪ್ಪಿನಲ್ಲಿ ಸ್ಥೂಲಕಾಯನಾದರೆ? ಹಿಡಿಮರಕ್ಕೆ ಯೋಗ್ಯವಾದುದು ಅಕ್ರೋಟಿನ ಮರ. ಅದು ನಿಧಾನವಾಗಿ ಬೆಳೆಯುವಂತಹುದು. ಉತ್ತಮವಾದ ತುಂಡುಗಳು ಬುಡದ ಹತ್ತಿರ ಮಾತ್ರ ಸಿಕ್ಕುತ್ತವೆ. ಸೀಳಿದ ಮೇಲೆ ವರ್ಷಗಟ್ಟಲೆ ಒಣಗಿಸಬೇಕು. ಅನಂತರ ಕಬ್ಬಿಣದ ಭಾಗಗಳು ಕೂದಲೂ ತೂರದಂತೆ ಕೂರಲು ಒಳಗೆ ಕೊರೆಯಬೇಕು. ಇಷ್ಟೆಲ್ಲ ಮಾಡಿದ ಮರವನ್ನು ಕಿತ್ತೆಸೆದು ಹೊಸದನ್ನು ಹಾಕಿಸುವುದು ದುಬಾರಿಯೂ ಹೌದು, ಮನಸ್ಸಿಗೆ ಸಂಕಟವೂ ಹೌದು. ಆದಕಾರಣವೇ ಇದ್ದ ಮರವನ್ನೇ ಬಾಗಿಸುವ ವಿದ್ಯೆಗೆ ಬೆಲೆ ಬಂತು.

ಅದರ ಕ್ರಮ ಹೀಗೆ. ಕೋವಿಯ ನಳಿಗೆಗಳನ್ನು ಕಳಚಿ, ಯಂತ್ರಭಾಗವನ್ನು ಕಬ್ಬಿಣದ ಚೌಕಟ್ಟಿನಲ್ಲಿ ಅಲುಗದಂತೆ ಬಿಗಿಯುತ್ತಾರೆ. ಹಿಡಿಮರದ ಕತ್ತಿಗೆ ಬಟ್ಟೆಯನ್ನು ಸುತ್ತುತ್ತಾರೆ. ಕಾಯಿಸಿದ ಅಗಸೆ ಎಣ್ಣೆಯನ್ನು ಆ ಬಟ್ಟೆಯ ಮೇಲೆ ಮತ್ತೆ ಮತ್ತೆ ಹುಯ್ಯುತ್ತ, ಕಾವು ಮರದ ಒಳತಿರುಳಿಗೆ ಇಳಿಯುವವರೆಗೆ ಕಾಯುತ್ತಾರೆ. ಇಲ್ಲಿ ಆತುರ ಪಟ್ಟವನು ಕೆಟ್ಟನು. ಹೊರಗೆ ಬಿಸಿಯಾಗಿ ಒಳಗೆ ತಣ್ಣಗಿರುವ ಮರವು ಬಾಗುವುದಿಲ್ಲ, ಸೀಳುತ್ತದೆ. ಹದ ಬಂದಾಗ ಹಿಂತುದಿಗೆ ತಿರುಪನ್ನು ಹೂಡಿ, ಸ್ವಲ್ಪ ಸ್ವಲ್ಪವಾಗಿ ಒತ್ತುತ್ತಾರೆ. ಮರದೊಡನೆ ಸೇರಿಕೊಂಡಿರುವ ಉಕ್ಕಿನ ಬಾಲಗಳನ್ನೂ ಅದೇ ಬಾಗಿಗೆ ತಿದ್ದಬೇಕಾಗುತ್ತದೆ. ಬೇಕಾದ ಅಳತೆಗಿಂತ ತುಸು ಹೆಚ್ಚಾಗಿಯೇ ಬಾಗಿಸಿ, ಪೂರ್ತಿ ಆರುವವರೆಗೆ ಹಾಗೆಯೇ ಬಿಗಿದಿಟ್ಟು ಬಿಡುತ್ತಾರೆ. ಈಚಿನ ಕಸಬುದಾರರಲ್ಲಿ ಕೆಲವರು ಎಣ್ಣೆಗೆ ಬದಲಾಗಿ ಕಾವು ಕೊಡುವ ವಿದ್ಯುದ್ದೀಪಗಳನ್ನು ಬಳಸುತ್ತಾರೆ, ಮಿಕ್ಕುದೆಲ್ಲ ಹಿಂದಿನಂತೆಯೇ.

ಇದರ ಕಾರಣವನ್ನು ವಿಜ್ಞಾನವು ಚೆನ್ನಾಗಿ ವಿವರಿಸಿದೆ. ಮರವೆಂಬುದು ನೀಳವಾದ ಸೆಲ್ಯುಲೋಸ್ ನಾರುಗಳ ಕಂತೆ. ಆ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ವಸ್ತುಗಳಲ್ಲಿ ಲಿಗ್ನಿನ್ ಮುಖ್ಯವಾದುದು. ಕಾವು ತಗಲಿದಾಗ ಈ ಅಂಟು ಮೆದುವಾಗಿ ನಾರುಗಳು ಕೊಂಚ ಜಾರಿ ಹೊಸ ಸ್ಥಾನವನ್ನು ಹಿಡಿಯುತ್ತವೆ. ಆರಿದಾಗ ಅಂಟು ಮತ್ತೆ ಗಟ್ಟಿಯಾಗುತ್ತದೆ. ತೇವವಿದ್ದರೆ ಇದು ಇನ್ನೂ ಕಡಮೆ ಕಾವಿನಲ್ಲಿ ನಡೆಯುತ್ತದೆ. ವಿಯೆನ್ನಾದಲ್ಲಿ ಮೈಕೇಲ್ ಥೋನೆಟ್ ಎಂಬವನು ೧೮೫೯ರಲ್ಲಿ ಬಳಕೆಗೆ ತಂದ ಬಾಗುಮರದ ಕುರ್ಚಿಯನ್ನು ಹಬೆಯಲ್ಲಿ ಬೇಯಿಸಿಯೇ ಬಗ್ಗಿಸುತ್ತಿದ್ದನು. ನಮ್ಮ ಮೇದರು ಬಿದಿರಿನ ಕೋಲನ್ನು ಬೆಂಕಿಯ ಕಾವಿಗೆ ಹಿಡಿದು ನೇರ ಮಾಡುವುದೂ ಇದೇ ತತ್ತ್ವದಿಂದ. ಹಿಡಿಮರಕ್ಕೆ ಮಾತ್ರ ಹಬೆಗಿಂತ ಎಣ್ಣೆಯನ್ನೇ ಕಸಬುದಾರರು ಮೆಚ್ಚುತ್ತಾರೆ. ನೀರು ಕುಡಿದ ಮರವು ಉಬ್ಬಿ, ಒಳಗೆ ಅಷ್ಟು ಸೂಕ್ಷ್ಮವಾಗಿ ಕೊರೆದ ಎಡೆಗಳೆಲ್ಲ ಕೆಟ್ಟುಹೋಗುವ ಭಯವುಂಟು.

ಆದರೂ ಮರವು ತನ್ನ ಹಳೆಯ ರೂಪವನ್ನು ಬೇಗನೆ ಮರೆಯುವುದಿಲ್ಲ. ಬಾಗಿಸಿದ ಹಿಡಿಮರವು ಕೆಲವು ದಿನಗಳಲ್ಲಿ ತುಸು ಹಿಂದಕ್ಕೆ ಸರಿಯುವುದುಂಟು. ತುಸು ಹೆಚ್ಚಾಗಿ ಬಾಗಿಸುವುದು ಈ ಕಾರಣದಿಂದಲೇ. ಮನೆಗೆ ಕೊಡುವ ಮುನ್ನ ಕೆಲವು ದಿನ ಇಟ್ಟು ಮತ್ತೆ ಅಳೆಯುವುದೂ ವಿವೇಕಿಗಳ ಪದ್ಧತಿ. ಕತ್ತಿನಲ್ಲಿ ನಾರು ಉದ್ದಕ್ಕೂ ನೇರವಾಗಿ ಹರಿದಿದ್ದರೆ ಕೆಲಸ ಸುಗಮ. ಅಲ್ಲಿ ಗಂಟಿದ್ದರೆ, ನಾರು ಅಡ್ಡ ಹಾಯ್ದಿದ್ದರೆ, ಹಳೆಯ ಬಿರುಕು ಎಣ್ಣೆಯ ಕೆಳಗೆ ಅಡಗಿದ್ದರೆ, ಒಂದು ಸದ್ದಿನೊಡನೆ ಎಲ್ಲವೂ ಮುಗಿಯುತ್ತದೆ. ನೂರು ವರ್ಷಗಳ ಹಿಂದೆ ಸತ್ತ ಶಿಲ್ಪಿಯ ಕೈಕೆಲಸವು ಒಂದು ಕ್ಷಣದಲ್ಲಿ ಸೌದೆಯಾಗುತ್ತದೆ. ಆದುದರಿಂದ ಒಳ್ಳೆಯ ಕಸಬುದಾರನು ಮೊದಲು ಮರವನ್ನು ಬಹಳ ಹೊತ್ತು ಪರೀಕ್ಷಿಸುತ್ತಾನೆ. ಎಷ್ಟೋ ವೇಳೆ, ಇದು ಬಾಗಲಾರದು, ಹೊಸ ಮರವನ್ನೇ ಹಾಕಿಸಿರಿ ಎಂದು ಹೇಳಿ ಗಿರಾಕಿಯನ್ನು ಕಳುಹಿಸಿಬಿಡುತ್ತಾನೆ. ಬಾಗಿಸಬಲ್ಲವನ ವಿದ್ಯೆಯು ಬಾಗಿಸುವುದರಲ್ಲಿ ಎಷ್ಟಿದೆಯೋ ಬಾಗಿಸಲೊಲ್ಲೆನೆನ್ನುವುದರಲ್ಲಿಯೂ ಅಷ್ಟೇ ಇದೆ.

ಈ ಕಸುಬಿನ ಅತ್ಯಂತ ವಿಚಿತ್ರವಾದ, ಅಷ್ಟೇ ಕರುಣೆಯುಳ್ಳ ಸೃಷ್ಟಿಯೆಂದರೆ ಅಡ್ಡ ಹಿಡಿಮರ. ಬಲಗಣ್ಣನ್ನು ಕಳೆದುಕೊಂಡು, ಬಲಭುಜದಿಂದಲೇ ಹೊಡೆಯುವ ಅಭ್ಯಾಸವನ್ನು ಬಿಡಲಾರದವನಿಗಾಗಿ ಹಿಡಿಮರವನ್ನು ಮುಖದ ಮುಂದೆ ಪೂರ್ತಿ ಅಡ್ಡಲಾಗಿ ಕೊಂಕಿಸಿ, ನಳಿಗೆಗಳು ಎಡಗಣ್ಣಿನ ನೇರಕ್ಕೆ ಬರುವಂತೆ ಮಾಡುತ್ತಾರೆ. ಅಷ್ಟು ದೊಡ್ಡ ಕೊಂಕು ಕಾಯಿಸಿ ಬಾಗಿಸುವುದರಿಂದ ಬರತಕ್ಕದ್ದಲ್ಲ. ಅದನ್ನು ಮರದ ತುಂಡಿನಲ್ಲಿಯೇ ಕೆತ್ತಬೇಕು. ನೋಡುವವರಿಗೆ ಮುರಿದ ಕೋವಿಯಂತೆ ಕಾಣುತ್ತದೆ. ಹಿಡಿದವನಿಗೆ ಮಾತ್ರ ಅದೊಂದೇ ನೇರವಾದ ಕೋವಿ.

ಕಡೆಗೆ ಸೈನ್ಯವೂ ಈ ತತ್ತ್ವಕ್ಕೆ ತಲೆಬಾಗಬೇಕಾಯಿತು. ೨೦ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ಸೈನ್ಯವು ಸ್ವೀಕರಿಸಿದ, ಎರಡು ಮಹಾಯುದ್ಧಗಳಲ್ಲಿ ಭಾರತದ ಸಿಪಾಯಿಗಳೂ ಹಿಡಿದ ಲೀ-ಎನ್‌ಫೀಲ್ಡ್ ರೈಫಲ್ಲಿನಲ್ಲಿ ಹಿಂಭಾಗದ ಮರವು ಬೇರೆಯೇ ತುಂಡಾಗಿತ್ತು. ಸಾಮಾನ್ಯವಾದುದು ಒಂದು, ಅರ್ಧ ಅಂಗುಲ ಉದ್ದವಾದುದು ಒಂದು, ಅರ್ಧ ಅಂಗುಲ ಗಿಡ್ಡವಾದುದು ಒಂದು ಎಂದು ವಿಂಗಡಿಸಿ, ಅಕ್ಷರಗಳಿಂದ ಗುರುತು ಮಾಡಿ ಹಂಚುತ್ತಿದ್ದರು. ಬಹಳ ಗಿಡ್ಡರಾದವರಿಗೆ ಒಂದು ಅಂಗುಲ ಕಡಮೆಯಾದುದೂ ಇತ್ತು. ಬ್ರೌನ್ ಬೆಸ್ಸಿನ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಮಾತು.

ಕನ್ನಡ ನಾಡಿನಲ್ಲಿ ಕೋವಿಯೊಡನೆ ಅತ್ಯಂತ ಗಾಢವಾದ ಸಂಬಂಧವಿರುವುದು ಕೊಡಗಿನವರಿಗೆ. ಅಲ್ಲಿ ಅದನ್ನು ತೋಕ್ ಎನ್ನುತ್ತಾರೆ. ಪ್ರತಿವರ್ಷವೂ ಸೆಪ್ಟೆಂಬರ್ ತಿಂಗಳಿನ ಮೊದಲಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸುತ್ತಾರೆ. ಅಜ್ಜನ ಕೋವಿ ಮೊಮ್ಮಗನ ಕೈಗೆ ಬರುವ ಇಂತಹ ಮನೆತನಗಳಲ್ಲಿ ಈ ಭಾಷಣದ ವಿಷಯವು ಬರಿಯ ವಿಲಾಯಿತಿ ಕುತೂಹಲವಾಗಿ ಉಳಿಯುವುದಿಲ್ಲ. ಬೇಟೆಯಾದರೋ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನಿಂದ ನಮ್ಮಲ್ಲಿ ನಿಷಿದ್ಧವಾಗಿದೆ. ಅದು ಯುಕ್ತವೇ ಆಗಿದೆ. ಈಗ ಹಕ್ಕಿಗೆ ಬದಲಾಗಿ ಹಾರುವುದು ಮಣ್ಣಿನ ಬಿಲ್ಲೆ. ಅಮೆರಿಕದ ಸಿನ್ಸಿನಾಟಿಯ ಲಿಗೌಸ್ಕಿ ಎಂಬವನು ೧೮೮೦ರಲ್ಲಿ ಅದನ್ನು ಕಂಡುಹಿಡಿದನು. ೨೦೦೪ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡರು ಭಾರತಕ್ಕೆ ಬೆಳ್ಳಿಯ ಪದಕವನ್ನು ತಂದುಕೊಟ್ಟದ್ದು ಇಂತಹ ಬಿಲ್ಲೆಗಳನ್ನು ಹೊಡೆದೇ. ಇಂದಿನ ಸ್ಪರ್ಧೆಯ ಕೋವಿಗಳಲ್ಲಿ ಅನೇಕವಕ್ಕೆ ಕೆನ್ನೆಯ ಏಣನ್ನು ತಿರುಪಿನಿಂದ ಏರಿಳಿಸುವ ಅನುಕೂಲವಿದೆ. ಹಿಂದಿನ ಅಳತೆಗೋವಿಯೇ ಈಗ ನಿತ್ಯದ ಕೋವಿಯಾಗಿದೆಯೆಂದರೂ ತಪ್ಪಿಲ್ಲ. ಅಂತಹ ಕೋವಿಗೆ ಎಣ್ಣೆಯೂ ಬೇಡ, ಕಾವೂ ಬೇಡ. ಹಳೆಯ ಕೋವಿಗಳು ಉಳಿದಿರುವವರೆಗೆ ಮಾತ್ರ ಬಾಗಿಸುವವನ ಅಗತ್ಯವೂ ಉಳಿಯುತ್ತದೆ.

ಒಂದು ಅಂಗುಲದ ವೀಸದಷ್ಟು ಮರಕ್ಕಾಗಿ ಇಷ್ಟು ಪ್ರಯಾಸವೇಕೆಂದು ಕೆಲವರು ಕೇಳಬಹುದು. ನಮ್ಮ ನೇಗಿಲಿನ ಮೇಳಿ, ಕೊಡಲಿಯ ಕಾವು, ಮಗ್ಗದ ಮುಂದಣ ಕುಣಿ, ಪಾಠಶಾಲೆಯ ಹುಡುಗನು ಕೂರುವ ಮಣೆ, ಇವೆಲ್ಲವೂ ಯಾರ ಮೈಯಳತೆಗೆ ಆದುವು ಎಂಬುದನ್ನು ಅವರು ಒಮ್ಮೆ ಯೋಚಿಸಿ ನೋಡಲಿ. ಒಪ್ಪದ ಉಪಕರಣವನ್ನು ಹಿಡಿದು ದುಡಿಯುವವನು ತಪ್ಪು ತನ್ನ ಕೈಯದೆಂದೇ ಬಹುಕಾಲ ನಂಬಿರುತ್ತಾನೆ. ಹಲಗೆಯ ಮುಂದೆ ನಿಲ್ಲಿಸಿ, ಹಲವು ಈಡು ಹೊಡೆಯಿಸಿ, ತಪ್ಪು ನಿನ್ನದಲ್ಲ, ಮರದ್ದು ಎಂದು ಲೆಕ್ಕಹಾಕಿ ತೋರಿಸಿದುದೇ ಆ ಕೋವಿಗೆಲಸದವರ ದೊಡ್ಡ ಸಾಧನೆ. ಮರವಾಗಿ ಬಗ್ಗೀತೆ ಎಂಬ ಪ್ರಶ್ನೆಗೆ ಅವರು ಕೊಟ್ಟ ಉತ್ತರವೂ ಸರಳವಾದುದು: ಕಾವು ಒಳಗೆ ಇಳಿಯುವವರೆಗೆ ಕಾಯುವ ತಾಳ್ಮೆಯಿದ್ದರೆ, ನಾರಿನ ಜಾಡನ್ನು ಅರಿತಿದ್ದರೆ, ಮರವೂ ತಕ್ಕಮಟ್ಟಿಗೆ ಬಗ್ಗುತ್ತದೆ.